ಸೊಸೆಯ ಮುಯ್ಯಿಗೆ ಅತ್ತೆ

ಆ ಫೋನು ಬಂದದ್ದು ಸರಿಯಾಗಿ ಮುದ್ದೆ ತಿರುವುವ ಹೊತ್ತಿಗೆ. ಮುದ್ದೆ ತಿರುವುವಾಗ ಯಾರ ಫೋನು ಬಂದರೂ ಮುಟ್ಟಬಾರದು ಎಂಬುದು ಆ ಮನೆಯ ಕಾನೂನು. ಮಾಡಿದವಳು ಅತ್ತೆ ಅನಸೂಯಮ್ಮ. ಆದರೆ ಅವತ್ತು ಸೊಸೆ ಭವ್ಯಶ್ರೀ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಮುದ್ದೆಕೋಲು ಹಿಡಿದು, "ಹ್ಞೂಂ ಸಾರ್... ಖಂಡಿತ ಸಾರ್... ಸೋಮವಾರದಿಂದಾನೇ ಬರ್ತೀನಿ ಸಾರ್" ಎನ್ನುತ್ತ ನಿಂತೇಬಿಟ್ಟಳು. ಕೋಲು ನಿಂತಿತು, ಮುದ್ದೆ ಗಂಟಾಯಿತು.

ಊಟಕ್ಕೆ ಕೂತಾಗ ಮೊದಲ ಗಂಟು ಸಿಕ್ಕಿದ್ದು ಮಾವ ರಾಮಣ್ಣನಿಗೆ.

"ಇದೇನವ್ವಾ ಭವ್ಯಾ, ಮುದ್ದೆ ಒಳ್ಗೆ ಹಿಟ್ಟು ಅಂಗಂಗೇ ಕುಂತೈತೆ?"

"ಮಾವ, ನನಗೊಂದು ಕೆಲಸ ಸಿಕ್ಕಿದೆ," ಎಂದಳು ಭವ್ಯಶ್ರೀ. ಗಂಟಿಗೂ ಕೆಲಸಕ್ಕೂ ಏನು ಸಂಬಂಧ ಎಂದು ರಾಮಣ್ಣನಿಗೆ ತಿಳಿಯಲಿಲ್ಲ.

ಸಂಗತಿ ಇಷ್ಟು. ನುಗ್ಗೇಹಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಕವನಾ ಮೇಡಂ ಹೆರಿಗೆಗೆಂದು ಅರಕಲಗೂಡಿನ ತವರಿಗೆ ಹೋಗಿದ್ದಳು. ಅವಳು ಬರುವತನಕ ಪಾಠ ಮಾಡುವವರು ಬೇಕಿತ್ತು. ಹೆಡ್‌ಮಾಸ್ಟರ್ ಪಾಲಾಕ್ಷಪ್ಪನವರಿಗೆ ಪಕ್ಕದ ಊರಿನ ಈ ಸೊಸೆ ನೆನಪಾಗಿದ್ದಳು. ಹೊಳೆನರಸೀಪುರದಲ್ಲಿ ಬಿ.ಎಡ್. ಮುಗಿಸಿದ್ದ ಭವ್ಯಶ್ರೀ ಮದುವೆಯಾಗಿ ಬಂದ ಮೇಲೆ ಓದನ್ನು ಟ್ರಂಕಿನ ತಳಕ್ಕೆ ಹಾಕಿ, ಮೇಲೆ ರೇಷ್ಮೆ ಸೀರೆ ಹಾಸಿಬಿಟ್ಟಿದ್ದಳು.

"ಆವಮ್ಮ ಬಾಣಂತನ ಮುಗುಸ್ಕಂಡ್ ಬಂದೇಟ್ಗೆ ನಿನ್ನ ಎದ್ದೋಗು ಅಂತಾರೆ," ಎಂದಳು ಅನಸೂಯಮ್ಮ. "ಬೇರೆಯೋರ್ ಕುರ್ಚಿ ಬೆಚ್ಚಗ್ ಮಾಡಾಕೆ ನೀನ್ ಓಗ್ಬೇಕಾ?"

"ಅವ್ವಾ, ಒಂದಷ್ಟ್ ದಿನ ಓಗ್ ಬರ್ಲಿ ಬುಡು," ಎಂದ ಮಗ ಕಾಂತರಾಜು. ಅವನದು ತೆಂಗಿನಕಾಯಿ ತುಂಬಿಕೊಂಡು ಚನ್ನರಾಯಪಟ್ಟಣಕ್ಕೆ ಓಡಾಡುವ ಗೂಡ್ಸ್ ಆಟೋ.

"ನೀನ್ ಸುಮ್ಕಿರ್ಲಾ! ಅವ್ಳ್ ಓದ್ರೆ ಮನೆ ಕೆಲ್ಸ ನೀನ್ ಮಾಡೀಯಾ? ಉಂಡ್ ತಟ್ಟೆ ಎತ್ತಿದ್ದ ಯಾವತ್ತಾರಾ ಯಾರಾರಾ ಕಂಡವ್ರಾ?"

ಕಾಂತರಾಜು ಒಂದು ಕ್ಷಣ ತಟ್ಟೆಯನ್ನು ನೋಡಿದ. ಆಮೇಲೆ ಎದ್ದು, ತಟ್ಟೆ ಎತ್ತಿಕೊಂಡು, ತೊಟ್ಟಿಯ ಹತ್ತಿರ ಹೋಗಿ ತೊಳೆದಿಟ್ಟ. ಐದನೇ ಕ್ಲಾಸಿನ ಮೊಮ್ಮಗಳು ಅನುಶ್ರೀ ಚಪ್ಪಾಳೆ ತಟ್ಟಿದಳು. ಅನಸೂಯಮ್ಮನಿಗೆ ನಗು ಬಂತು. ನಗು ಬಂದ ಮೇಲೆ ಜಗಳ ಮುಂದುವರಿಸುವುದು ಕಷ್ಟ.

"ಆಯ್ತು, ಓಗು. ಆದ್ರೆ ಮನೆ ಕೆಲ್ಸ ಒಂದೂ ನಿಲ್ಲಂಗಿಲ್ಲ."

ಎಲ್ಲರೂ ತಲೆಯಾಡಿಸಿದರು. ಕೆಲಸ ನಿಲ್ಲಬಾರದು ಎಂದರೆ ಯಾರಾದರೂ ಮಾಡಬೇಕು ಎಂಬ ಸಣ್ಣ ವಿಷಯ ಅವತ್ತು ಯಾರ ತಲೆಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಹೊಳೆಯಿತು. ಭವ್ಯಶ್ರೀ ತಿಂಡಿ ಮಾಡಿಟ್ಟು, ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತ ಬಸ್ಸಿಗೆ ಓಡಿದಳು. ಹಿಂದೆ ಉಳಿದದ್ದು ಒಲೆ, ಕಸ, ಪಾತ್ರೆ, ಮಗುವಿನ ಜಡೆ, ಹಸು. ಒಲೆಯನ್ನು ಅನಸೂಯಮ್ಮ ತೆಗೆದುಕೊಂಡಳು. ಅವಳಿಗೆ ಮಂಡಿನೋವು, ಕೂತರೆ ಏಳಲಾರಳು, ನಿಂತೇ ಬೇಯಿಸಬೇಕು. ಪಾತ್ರೆ ಕಾಂತರಾಜುವಿಗೆ ಬಂತು. ಜಡೆಯನ್ನು ಅನುಶ್ರೀ ತಾನೇ ಹಾಕಿಕೊಂಡು, ಒಂದು ಮೇಲೆ ಒಂದು ಕೆಳಗೆ ಮಾಡಿಕೊಂಡು ಸ್ಕೂಲಿಗೆ ಹೋದಳು. ಉಳಿದದ್ದು ಹಸು. ರಾಮಣ್ಣ, "ಅದೇನ್ ಮಹಾ?" ಎಂದು ಬಕೆಟ್ ಹಿಡಿದು ಕೊಟ್ಟಿಗೆಗೆ ಹೋದ.

ಹಸುವಿಗೆ ಅದು ಮಹಾ ಆಯಿತು. ವರ್ಷಗಟ್ಟಲೆ ಭವ್ಯಶ್ರೀಯ ಕೈಗೆ ಒಗ್ಗಿದ್ದ ಅದು ರಾಮಣ್ಣನನ್ನು ಮೂಸಿ ನೋಡಿ, ಹಾಲಿಳಿಸದೆ ಸೊರ ಬಿಗಿದು, ಬಕೆಟ್ಟನ್ನು ಒದ್ದು ನಿಂತಿತು. ಮೂರು ದಿನ ಡೈರಿಗೆ ಹೋದದ್ದು ಕಾಫಿಗೆ ಸಾಲುವಷ್ಟು ಹಾಲು. ನಾಲ್ಕನೆಯ ದಿನ ರಾಮಣ್ಣ ಒಂದು ಉಪಾಯ ಮಾಡಿದ. ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ಸೊಸೆಯ ಹಳೇ ನೈಟಿಯನ್ನು ಪಂಚೆಯ ಮೇಲೆ ತೊಟ್ಟು, ತಲೆಗೆ ಟವಲು ಹೊದ್ದು, ಹಸುವಿನ ಮಗ್ಗುಲಿಗೆ ಕೂತ. ಹಸು ಮೂಸಿತು, ನೆಮ್ಮದಿಯಾಯಿತು, ಚೊರ್ರೆಂದು ಹಾಲು ಬಿಟ್ಟಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ನಂಜಯ್ಯ ಕೊಟ್ಟಿಗೆಯ ಮುಂದೆ ಹಾದುಹೋಗಬೇಕೇ!

"ಯಾರಮ್ಮ ಅದು? ಕಾಂತ್ರಾಜಂಗೆ ಇನ್ನೊಂದ್ ಮದ್ವೆ ಮಾಡುದ್ರಾ?"

"ಓಗಯ್ಯ ನಿನ್ ಕೆಲ್ಸ ನೋಡ್ಕಂಡು!" ಎಂದು ನೈಟಿಯೊಳಗಿಂದ ಗಂಡಸಿನ ದನಿ ಬಂತು. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ರಾಮಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಡೈರಿಯಲ್ಲಿ ಹಾಲು ಅಳೆಯುತ್ತಾರೆಯೇ ಹೊರತು ಕರೆದವರು ಏನು ಉಟ್ಟಿದ್ದರು ಎಂದು ಕೇಳುವುದಿಲ್ಲ ಎಂದುಬಿಟ್ಟ.

ಅವತ್ತು ಸಂಜೆ ಎಲ್ಲರೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಾಗ ಭವ್ಯಶ್ರೀ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಮಾವ, ನೀವು ಮಾಡಿದ್ದಕ್ಕೆ ಇಂಗ್ಲಿಷಲ್ಲಿ ಒಂದು ಮಾತಿದೆ. ಸ್ಟ್ಯಾಂಡ್ ಇನ್."

"ನಾನ್ ಕುಂತಿದ್ದೆ ಕಣವ್ವ."

"ಕೂತ್ರೂ ಅದೇ. ನಾನಿಲ್ಲದಾಗ ನಾನೇ ಅನ್ನೋ ಥರ ಇರೋದು."

ಶಾಲೆಯಲ್ಲಿ ನಡೆದದ್ದನ್ನು ಅವಳು ಹೇಳಿದಳು. ಮೊದಲ ದಿನ ಒಂಬತ್ತನೇ ಕ್ಲಾಸಿಗೆ ಕಾಲಿಡುತ್ತಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ನೀವು ಸಬ್‌ಸ್ಟಿಟ್ಯೂಟಾ?" ಎಂದಿದ್ದಳಂತೆ. ಕ್ಲಾಸೆಲ್ಲ ಕಿಸಕ್ಕೆಂದಿತ್ತಂತೆ. ಭವ್ಯಶ್ರೀ ಬೇಜಾರು ಮಾಡಿಕೊಳ್ಳದೆ, "ಹೌದು, ಸಬ್‌ಸ್ಟಿಟ್ಯೂಟೇ. ಆದ್ರೆ ಒಬ್ಬರ ಬದಲು ಒಬ್ಬರು ಬಂದ್ರು ಅನ್ನೋಕೆ ಇಂಗ್ಲಿಷಲ್ಲಿ ಇನ್ನೆಷ್ಟು ಮಾತಿದೆ ನೋಡೋಣ ಬನ್ನಿ" ಎಂದು ಬೋರ್ಡಿನ ಮೇಲೆ ಬರೆಯತೊಡಗಿದಳಂತೆ. ಅವತ್ತಿನಿಂದ ದಿನಕ್ಕೊಂದು ಮಾತು. ಮಕ್ಕಳಿಗೆ ಅದೇ ಹಬ್ಬವಾಗಿತ್ತು.

"ಬದ್ಲು ಅಂದ್ರೆ ಬದ್ಲು. ಅದ್ಕೆ ಅಷ್ಟೊಂದ್ ಮಾತ್ ಯಾಕವ್ವ?" ಎಂದಳು ಅನಸೂಯಮ್ಮ.

"ಒಂದೊಂದಕ್ಕೂ ಒಂದೊಂದು ತೂಕ ಅತ್ತೆ. ಈಗ ನಾನು ಕವನಾ ಮೇಡಂಗೆ ಫಿಲ್ ಇನ್ ಮಾಡ್ತಿದೀನಿ. ಅವರು ಬರೋತನಕ ಜಾಗ ಖಾಲಿ ಬೀಳದಂಗೆ ನೋಡ್ಕೊಳ್ಳೋದು, ಅಷ್ಟೇ."

"ನಿನ್ನೆ ಅಪ್ಪ ಪಾತ್ರೆ ತೊಳೀದೆ ಹೋಗಿದ್ದಕ್ಕೆ ತಾತ ತೊಳೆದ್ರಲ್ಲ, ಅಜ್ಜಿಗೆ ಹೇಳ್ಲೇ ಇಲ್ವಲ್ಲ, ಅದು ಕವರ್ ಮಾಡೋದು!" ಎಂದಳು ಅನುಶ್ರೀ.

ಕಾಂತರಾಜು ಮಗಳನ್ನು ದುರುಗುಟ್ಟಿ ನೋಡಿದ. ರಾಮಣ್ಣ ಅವರೆಕಾಯಿಯ ಕಡೆ ವಿಶೇಷ ಗಮನ ಕೊಟ್ಟ.

"ನಮ್ ನಂಜಯ್ಯ ಆ ಹಳೇ ಅಧ್ಯಕ್ಷನ್ನ ಇಳ್ಸಿ ಡೈರಿ ಅಧ್ಯಕ್ಷ ಆದ್ನಲ್ಲ, ಅದು?" ಎಂದು ಮಾತು ತಿರುಗಿಸಿದ.

"ಅದು ಟೇಕ್ ಓವರ್. ಪೂರ್ತಿ ತಾನೇ ವಹಿಸ್ಕೊಳ್ಳೋದು."

"ರಿಪ್ಲೇಸ್ ಅಂತಾರಲ್ಲ?" ಎಂದ ಕಾಂತರಾಜು. ಗ್ಯಾರೇಜಿನಲ್ಲಿ ದಿನಾ ಕೇಳುವ ಮಾತು ಅದು.

"ಹಳೇದು ತೆಗೆದು ಆ ಜಾಗಕ್ಕೆ ಹೊಸದು ಇಡೋದು. ಮಿಕ್ಸಿ ಜಾರು ಒಡೆದಾಗ ಬೇರೆ ತಂದ್ವಲ್ಲ, ಹಂಗೆ."

ಅನಸೂಯಮ್ಮನ ಕೈ ನಿಂತಿತು. ಒಂದು ಕಾಲದಲ್ಲಿ ರಾಗಿ ಕುಯ್ಲಿಗೆ ಅವಳ ಮುಂದೆ ಸಾಲು ಹಿಡಿಯುವವರು ಆ ಬೀದಿಯಲ್ಲೇ ಇರಲಿಲ್ಲ. ಭವ್ಯಶ್ರೀ ಸೊಸೆಯಾಗಿ ಬಂದ ವರ್ಷ, "ಅತ್ತೆ, ನೀವು ಮನೇಲಿರಿ, ನಾನು ಹೋಗ್ತೀನಿ" ಎಂದಿದ್ದಳು. ಹೇಳಿದ್ದು ಪ್ರೀತಿಯಿಂದಲೇ. ಅನಸೂಯಮ್ಮ ಅವತ್ತು ಕುಡುಗೋಲನ್ನು ಸೂರಿಗೆ ಸಿಕ್ಕಿಸಿದವಳು ಮತ್ತೆ ಕೆಳಗಿಳಿಸಿರಲಿಲ್ಲ. ಆಮೇಲೆ ಯಾರೂ ಅವಳನ್ನು ಹೊಲಕ್ಕೆ ಬಾ ಎಂದು ಕರೆಯಲೂ ಇಲ್ಲ.

"ಅಂಗಾರೆ ನೀನ್ ಬಂದ್ಮೇಲೆ ನಾನ್ ಕುಡ್ಲು ಮಡುಗ್ದ್ನಲ್ಲ, ಅದ್ಯಾವ್ದವ್ವ?" ಎಂದಳು.

ನಗುತ್ತಲೇ ಕೇಳಿದಳು. ಆದರೆ ಆ ಪ್ರಶ್ನೆ ಅವಳಿಗೆ ಒಳಗೆ ನೋಯುತ್ತಿತ್ತು, ಭವ್ಯಶ್ರೀಗೂ ಅದು ತಿಳಿಯಿತು. "ಹುಡುಕಿ ಹೇಳ್ತೀನಿ ಅತ್ತೆ" ಎಂದಳು.

ಡಿಸೆಂಬರ್ ಬಂತು, ರಾಗಿ ಹಣ್ಣಾಯಿತು. ಈ ಮನೆಯ ರಾಗಿ ತೆಂಗಿನ ಸಸಿಗಳ ನಡುವೆ ಬಿತ್ತಿದ್ದು, ಅಲ್ಲಿ ಮಿಷನ್ನು ತಿರುಗುವುದಿಲ್ಲ, ಕೈಯಲ್ಲೇ ಕುಯ್ಯಬೇಕು. ಆ ಬೀದಿಯ ಐದು ಮನೆಗಳಲ್ಲಿ ಅದಕ್ಕೆ ಮುಯ್ಯಿ ಎಂಬ ಪದ್ಧತಿ. ನಿಮ್ಮ ಮನೆಯವರು ನಮ್ಮ ಹೊಲಕ್ಕೆ ಬಂದರೆ ನಮ್ಮ ಮನೆಯವರು ನಿಮ್ಮ ಹೊಲಕ್ಕೆ. ಅದರಲ್ಲಿ ದುಡ್ಡಿನ ಮಾತೇ ಇಲ್ಲ. ಮೂರು ಮನೆಯ ಹೊಲಕ್ಕೆ ಭವ್ಯಶ್ರೀ ಭಾನುವಾರ, ರಜಾದಿನ ಎಂದು ಹೊಂದಿಸಿಕೊಂಡು ಹೋಗಿಬಂದಿದ್ದಳು. ಉಳಿದದ್ದು ಬೀದಿಯ ಹೆಂಗಸರಿಗೆಲ್ಲ ಮುಂದಾಳಾದ ಗುರುಸಿದ್ದಮ್ಮನ ಹೊಲ, ಕೊನೆಗೆ ಇವರದು.

ಅದೇ ವಾರ ಶಾಲೆಯಿಂದ ಹೊಸ ಸುದ್ದಿ ತಂದಳು. ಕವನಾ ಮೇಡಂ ಇನ್ನು ಬರುವುದಿಲ್ಲ, ಮಗು ನೋಡಿಕೊಂಡು ಅರಕಲಗೂಡಿನಲ್ಲೇ ನಿಲ್ಲುತ್ತಾಳಂತೆ. ಆ ಜಾಗಕ್ಕೆ ಕಾಯಂ ಆಗಿ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಹಾಸನದಿಂದಲೂ ಒಬ್ಬಳು ಅರ್ಜಿ ಹಾಕಿದ್ದಾಳೆ. ಶನಿವಾರ ಆಡಳಿತ ಮಂಡಳಿಯವರು ಹಿಂದಿನ ಬೆಂಚಿನಲ್ಲಿ ಕೂತು ಇಬ್ಬರ ಪಾಠವನ್ನೂ ನೋಡುತ್ತಾರೆ.

"ನಾನು ಬದಲಿ ಮಾತುಗಳ ಪಾಠಾನೇ ಮಾಡ್ತೀನಿ," ಎಂದಳು. ಕಣ್ಣು ಹೊಳೆಯುತ್ತಿತ್ತು. ಅವತ್ತಿಡೀ ಮನೆಯಲ್ಲಿ ಅದೇ ಅಭ್ಯಾಸ. ಸಾರಿಗೆ ಒಗ್ಗರಣೆ ಹಾಕುತ್ತ, "ಫಿಲ್ ಸಮ್‌ಒನ್ಸ್ ಶೂಸ್, ಅಂದ್ರೆ ಇನ್ನೊಬ್ಬರ ಮೆಟ್ಟಿಗೆ ಕಾಲು ಹಾಕಿ ಅವರಷ್ಟೇ ಚೆನ್ನಾಗಿ ಕೆಲಸ ಮಾಡೋದು" ಎಂದಳು.

"ಬೇರೆಯೋರ್ ಮೆಟ್ಟು ಕಾಲ್ ಕಚ್ಚಾಕಿಲ್ವಾ?" ಎಂದಳು ಅನಸೂಯಮ್ಮ.

"ಮೊದ್ಲು ಕಚ್ಚುತ್ತೆ ಅತ್ತೆ."

ಗುರುಸಿದ್ದಮ್ಮನ ಕುಯ್ಲು ಬುಧವಾರಕ್ಕೆ ಬಿತ್ತು. ಭವ್ಯಶ್ರೀ ರಜೆ ಕೇಳುತ್ತೇನೆ ಎಂದಾಗ ರಾಮಣ್ಣ, "ಬ್ಯಾಡ ಕಣವ್ವ, ಪರೀಕ್ಷೆ ಅತ್ರ ಬಂದೈತೆ. ನಾನ್ ನೋಡ್ಕತೀನಿ" ಎಂದ. ಹೇಗೆ ನೋಡಿಕೊಳ್ಳುತ್ತಾನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನೈಟಿಯ ಉಪಾಯ ಗೆದ್ದ ಮೇಲೆ ರಾಮಣ್ಣನಿಗೆ ತನ್ನ ಬುದ್ಧಿಯ ಮೇಲೆ ವಿಪರೀತ ನಂಬಿಕೆ ಬಂದುಬಿಟ್ಟಿತ್ತು.

ಬುಧವಾರ ಸಂಜೆ ಗುರುಸಿದ್ದಮ್ಮ ಜಗಲಿಯ ಮುಂದೆ ಬಂದು ನಿಂತಳು. ಸೆರಗು ಸೊಂಟಕ್ಕೆ ಬಿಗಿದಿತ್ತು. ಜಗಳಕ್ಕೆ ಬಂದವಳು ಎಂಬುದಕ್ಕೆ ಬೇರೆ ಗುರುತು ಬೇಕಿರಲಿಲ್ಲ.

"ಏನ್ ರಾಮಣ್ಣೋರೆ, ಮುಯ್ಯಿಗೆ ಕೂಲಿಯೋಳ್ನ ಕಳ್ಸಿದೀರಲ್ಲ, ನಾನೇನ್ ನಿಮ್ಮನ್ನ ಕೂಲಿ ಕೇಳಿದ್ನಾ?"

ಅನಸೂಯಮ್ಮ ಗಂಡನ ಕಡೆ ತಿರುಗಿದಳು. "ಕೂಲಿಯೋಳ್ನ ಕಳ್ಸುದ್ರಾ?"

"ಆಳಿಗ್ ಆಳು ಅಲ್ವೇನೇ?" ಎಂದ ರಾಮಣ್ಣ. "ನಮ್ ಭವ್ಯಂಗಿಂತ ಜೋರಾಗ್ ಕುಯ್ತಾಳೆ ಅಂತ ಹುಡ್ಕಿ ಕಳ್ಸಿದ್ದೆ."

"ಜೋರಾಗೇ ಕುಯ್ತಾಳೆ, ಇಲ್ಲ ಅಂದೋರ್ಯಾರು? ಪಾಪ, ಅವ್ಳದೇನ್ ತಪ್ಪು, ಉಂಡ್ಕಂಡ್ ಓಗು ಅಂತ ಉಣ್ಣಾಕಿಟ್ಟು ವಾಪಸ್ ಕಳ್ಸಿವ್ನಿ. ಒಂದ್ ಮೂಲೆ ಅಂಗೇ ಉಳ್ಕಂಡೈತೆ. ಮುಯ್ಯಿಗೆ ಮನೆಯೋರ್ ಬರ್ಬೇಕು. ನಮ್ ಸೊಸೆಗೆ ಮೈ ಉಷಾರಿಲ್ದಾಗ ನಾನೇ ನಿಮ್ ಒಲಕ್ ಬಂದಿರ್ನಿಲ್ವಾ? ನಮ್ ಮನೇಲ್ ಮದ್ವೆ ಆದ್ರೆ ಅಕ್ಕಿ ಅಸನ್ ಮಾಡಾಕೂ ಕೂಲಿಯೋರ್ನ ಕಳುಸ್ತೀರಾ?"

"ಅದು ಅಂಗಲ್ಲ ಗುರುಸಿದ್ದಮ್ಮ..."

"ಎಂಗಾರಾ ಆಗ್ಲಿ. ನಿಮ್ಗೆ ದುಡ್ ಜಾಸ್ತಿ ಆಗೈತೆ. ನಿಮ್ ರಾಗಿನೂ ಕೂಲಿಯೋರ ಕೈಲೇ ಕುಯ್ಸ್ಕಳಿ. ನಾವ್ಯಾರೂ ಬರಾಕಿಲ್ಲ."

ಅಂದಳು, ಹೋದಳು. ಸುಗ್ಗಿಯಲ್ಲಿ ಒಬ್ಬ ಕೂಲಿಯವಳು ಸಿಕ್ಕಿದ್ದೇ ಪುಣ್ಯ, ಹೊಲಕ್ಕೆ ಸಾಲುವಷ್ಟು ಜನ ಎಲ್ಲಿಂದ ಬರಬೇಕು? ಮೇಲೆ ಬೇರೆ ಪಡುವಲಲ್ಲಿ ಮೋಡ ಕಟ್ಟಿತ್ತು. ಹಣ್ಣಾದ ರಾಗಿಗೆ ಮಳೆ ಬಿದ್ದರೆ ತೆನೆ ಕಪ್ಪಾಗಿ ಮೊಳಕೆ ಬರುತ್ತದೆ. ವರ್ಷದ ಮುದ್ದೆ ಮಣ್ಣುಪಾಲು.

ಅಡುಗೆಮನೆಯಲ್ಲಿ ಭವ್ಯಶ್ರೀ ಒಲೆಯ ಮುಂದೆ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಂದು ಕೈಯಲ್ಲಿ ಮುದ್ದೆಕೋಲು, ಇನ್ನೊಂದು ಕೈ ಫೋನಿನ ಕಡೆ ಹೋಯಿತು.

"ಯಾರ್ಗೆ?" ಎಂದಳು ಅನಸೂಯಮ್ಮ.

"ಪಾಲಾಕ್ಷಪ್ಪ ಸಾರ್‌ಗೆ. ಶನಿವಾರದ ಪಾಠ ಬೇಡ, ನಾಳೆಯಿಂದ ಬರಲ್ಲ ಅಂತೀನಿ. ನಾಳೆ ನಾನೇ ಗುರುಸಿದ್ದಮ್ಮನ ಹೊಲಕ್ಕೆ ಹೋಗ್ತೀನಿ. ನನ್ನಿಂದ ಮನೆ ಮುಯ್ಯಿ ತಪ್ಪೋದು ಬೇಡ." ಧ್ವನಿ ಗಟ್ಟಿಯಾಗಿಯೇ ಇತ್ತು, ಆದರೆ ಕಣ್ಣು ತುಂಬಿತ್ತು.

ಅನಸೂಯಮ್ಮನಿಗೆ ಸಂಕಟವಾಯಿತು. ಈ ಹುಡುಗಿ ಸಂಜೆ ಬಸ್ಸಿಳಿದು ಬರುವಾಗ ಇತ್ತೀಚೆಗೆ ಹಾಡು ಗುನುಗುತ್ತ ಬರುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಹಾಡನ್ನು ಈ ಮನೆ ಕೇಳಿರಲಿಲ್ಲ. ಈಗ ಅದು ನಿಂತುಹೋಗುತ್ತದೆ.

"ಫೋನ್ ಮಡುಗು," ಎಂದಳು.

"ಅತ್ತೆ..."

"ಮಡುಗು ಅಂದೆ. ಮುದ್ದೆ ತಿರುವ್ವಾಗ ಫೋನ್ ಮುಟ್ಬಾರ್ದು ಅಂತ ಎಷ್ಟ್ ಸಲ ಹೇಳಿವ್ನಿ?"

ಭವ್ಯಶ್ರೀ ಫೋನು ಕೆಳಗಿಟ್ಟಳು. ಅವತ್ತಿನ ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ.

ಮರುದಿನ ಭವ್ಯಶ್ರೀ ಬಸ್ಸು ಹತ್ತಿದ ಮೇಲೆ ಅನಸೂಯಮ್ಮ ಏಣಿ ಇಡಿಸಿ ಸೂರಿನಿಂದ ತನ್ನ ಕುಡುಗೋಲು ಇಳಿಸಿದಳು. ತುಕ್ಕು ಹಿಡಿದಿತ್ತು. ಕಲ್ಲಿಗೆ ಉಜ್ಜಿ ಹರಿತ ಮಾಡಿದಳು. ಕುಯ್ದ ರಾಗಿಯ ಕೂಳೆ ಚುಚ್ಚದಿರಲೆಂದು ಸೊಸೆ ಹೊಲಕ್ಕೆ ಹಾಕುತ್ತಿದ್ದ ದಪ್ಪ ರಬ್ಬರ್ ಚಪ್ಪಲಿ ಮೆಟ್ಟಿದಳು. ಒಂದು ಬೆರಳಗಲ ದೊಡ್ಡದು. ಗೋಣಿದಾರದಲ್ಲಿ ಪಾದಕ್ಕೆ ಸೇರಿಸಿ ಕಟ್ಟಿಕೊಂಡಳು.

"ಲೇ, ನಿನ್ ಮಂಡಿ?" ಎಂದ ರಾಮಣ್ಣ.

"ಮಂಡಿ ನಂದು, ಮುಯ್ಯಿ ಮನೇದು. ಮಧ್ಯಾಹ್ನಕ್ಕೆ ಎಲ್ರಿಗೂ ಮುದ್ದೆ ಮಾಡ್ಕಂಡ್ ಒಲಕ್ ತಂದ್ಬುಡಿ."

"ನಾನಾ?"

"ಇನ್ಯಾರು? ನೈಟಿ ಆಕಳಿ, ಮುದ್ದೆ ಬತ್ತೈತೆ."

ಗುರುಸಿದ್ದಮ್ಮನ ಹೊಲದಲ್ಲಿ ಹಿಂದಿನ ದಿನ ಒಂದಾಳು ಕಮ್ಮಿಯಾಗಿ ಒಂದು ಮೂಲೆ ಹಾಗೇ ಉಳಿದಿತ್ತು. ಹೆಂಗಸರು ಆಗಲೇ ಬಗ್ಗಿದ್ದರು. ಬದುವಿನ ಮೇಲೆ ಅನಸೂಯಮ್ಮನನ್ನು ಕಂಡು ಒಬ್ಬೊಬ್ಬರೇ ನೆಟ್ಟಗಾದರು.

"ಸೊಸೆ ಬದ್ಲು ಅತ್ತೆ ಬಂದಿವ್ನಿ," ಎಂದಳು. "ಮನೆಯೋಳಾ ಅಲ್ವಾ ನೋಡ್ಕಳಿ."

ಗುರುಸಿದ್ದಮ್ಮ ಅವಳನ್ನು ಅಡಿಯಿಂದ ಮುಡಿಯತನಕ ನೋಡಿದಳು. ಚಪ್ಪಲಿಗೆ ಸುತ್ತಿದ್ದ ಗೋಣಿದಾರದ ಮೇಲೆ ಕಣ್ಣು ನಿಂತಿತು. ತುಟಿ ಬಿಗಿಹಿಡಿದರೂ ನಗು ಬಂದೇಬಿಟ್ಟಿತು. "ಮನೆಯೋಳೇನೋ ಸರಿ. ಆದ್ರೆ ಎಷ್ಟಾಳು ಅಂತ ಲೆಕ್ಕ ಇಡಾನ?"

ಅನಸೂಯಮ್ಮ ಸಾಲು ಹಿಡಿದಳು. ಕೈ ಮರೆತಿರಲಿಲ್ಲ, ಸೊಂಟ ಮರೆತಿತ್ತು. ಪಕ್ಕದವರು ಸಾಲಿನ ತುದಿ ಮುಟ್ಟಿದಾಗ ಅವಳು ಇನ್ನೂ ಅರ್ಧದಲ್ಲಿದ್ದಳು. ಹೆಂಗಸರೆಲ್ಲ ಸೇರಿ ಪಂಚಾಯಿತಿ ಮಾಡಿದರು. ಅವಳ ಮುಖದ ಮೇಲೇ ತೀರ್ಪು ಬಂತು.

"ಬೇಜಾರ್ ಮಾಡ್ಕಬ್ಯಾಡ ಅನಸೂಯಕ್ಕ, ನೀನ್ ಈಗ ಅರ್ಧಾಳು."

"ಅಂಗಾರೆ ಇನ್ನರ್ಧ ಕರೆಸ್ತೀನಿ," ಎಂದು ಅನಸೂಯಮ್ಮ ಮಗನಿಗೆ ಫೋನು ಮಾಡಿದಳು. "ಲೇ ಕಾಂತ್ರಾಜು, ಕಾಯ್ ಇಳ್ಸಿ ಆಯ್ತೇನ್ಲಾ? ಮನೆಗೋಗಿ ನಿನ್ನೆಂಡ್ತಿ ಕುಡ್ಲು ಎತ್ಕಂಡ್ ಗುರುಸಿದ್ದಮ್ಮನ್ ಒಲಕ್ ಬಾ. ಯಾಕೆ ಅಂತ ಕೇಳ್ಬ್ಯಾಡ, ಬಾ."

ಕಾಂತರಾಜು ಬಂದ. ಹೆಂಗಸರ ನಡುವೆ ಕುಡುಗೋಲು ಹಿಡಿದು ನಿಂತವನನ್ನು ಕಂಡು ಹೊಲವೆಲ್ಲ ನಕ್ಕಿತು. "ಮೆತ್ತಗ್ ಇಡ್ಕಳಪ್ಪಾ, ಅದು ಸ್ಟೇರಿಂಗ್ ಅಲ್ಲ," ಎಂದಳೊಬ್ಬಳು. ಅವನು ಕಟ್ಟಿದ ಕಂತೆಗಳು ಎತ್ತಿದ ಕೂಡಲೇ ಬಿಚ್ಚಿಕೊಂಡವು. ಬಿಚ್ಚಿಕೊಂಡಂತೆಲ್ಲ ಮತ್ತೆ ಕಟ್ಟಿದ. ಅಷ್ಟರಲ್ಲಿ ರಾಮಣ್ಣ ತಲೆಯ ಮೇಲೆ ಕುಕ್ಕೆ ಹೊತ್ತು ಬಂದ. ಮುದ್ದೆಗಳು ಒಂದೊಂದು ಒಂದೊಂದು ಗಾತ್ರ, ಸಾರಿಗೆ ಉಪ್ಪು ಜಾಸ್ತಿ. ಆದರೂ ಹಸಿದವರು ಬೆರಳು ನೆಕ್ಕಿ ಉಂಡರು.

ಉಂಡು ನೀರು ಕುಡಿದು ಗುರುಸಿದ್ದಮ್ಮ ಹೇಳಿದಳು. "ಅರ್ಧ ಅತ್ತೆ, ಅರ್ಧ ಗಂಡ, ಮ್ಯಾಲೆ ಮಾವನ್ ಮುದ್ದೆ. ಇಷ್ಟೆಲ್ಲಾ ಸೇರ್ದ್ರೆ ಒಬ್ಳು ಭವ್ಯ ಆಗೋದು ಅಂತ ಇವತ್ತು ಗೊತ್ತಾಯ್ತು. ಮುಯ್ಯಿ ಸರಿಹೋಯ್ತು ಕಣಕ್ಕ. ನಿಮ್ ರಾಗಿ ಶನಿವಾರ ಕುಯ್ಯಾನ. ಮೋಡ ನಂಬಂಗಿಲ್ಲ, ಭಾನ್ವಾರದ ಗಂಟ ಕಾಯಾದ್ ಬ್ಯಾಡ."

ಶನಿವಾರ! ಮನೆಯಲ್ಲಿ ಸುದ್ದಿ ಕೇಳಿ ಭವ್ಯಶ್ರೀ ಮುಖ ಮತ್ತೆ ಸಣ್ಣದಾಯಿತು. "ಎಲ್ಲಾ ನಮ್ಮ ಹೊಲದಲ್ಲಿ ಬೆವರು ಸುರಿಸುವಾಗ ನಾನು ಅಲ್ಲಿ ಬೋರ್ಡಿನ ಮುಂದೆ..."

"ನೀನ್ ಅಲ್ಲಿ ಕುಯ್ಯಿ, ನಾವ್ ಇಲ್ಲಿ ಕುಯ್ತೀವಿ," ಎಂದಳು ಅನಸೂಯಮ್ಮ. ಅವಳು ಕಾಲು ನೀಡಿ ಕೂತಿದ್ದಳು, ಮೊಮ್ಮಗಳು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ನೋವು ಬೇಕಾದಷ್ಟಿತ್ತು. ಆದರೆ ಮುಖದಲ್ಲಿ ಮದುವೆ ಮನೆಯಿಂದ ಬಂದವಳ ಕಳೆಯಿತ್ತು. ಹೊಲದಲ್ಲಿ ಯಾರು ಏನಂದರು, ಯಾರ ಸೊಸೆ ಬಸುರಿ, ಮಗ ಕಟ್ಟಿದ ಕಂತೆ ಎಷ್ಟು ಸಲ ಬಿಚ್ಚಿತು ಎಂದು ಉಣ್ಣುವತನಕ ಹೇಳಿದ್ದೇ ಹೇಳಿದ್ದು.

ಶನಿವಾರ ಐದು ಮನೆಯ ಹೆಂಗಸರೂ ಇವರ ಹೊಲಕ್ಕಿಳಿದರು. ಕಾಂತರಾಜು ಆಟೋ ನಿಲ್ಲಿಸಿಬಿಟ್ಟು ಸಾಲು ಹಿಡಿದ. ಅನಸೂಯಮ್ಮನ ಸೊಂಟ ಈಗ ಸ್ವಲ್ಪ ಮಾತು ಕೇಳುತ್ತಿತ್ತು. ಕುಯ್ಯುತ್ತಿದ್ದರೂ ಅವಳ ಕಿವಿಯೆಲ್ಲ ರಸ್ತೆಯ ಕಡೆ. ಒಂದೊಂದು ಬಸ್ಸು ಹಾರನ್ ಮಾಡಿದಾಗಲೂ ತಲೆಯೆತ್ತುವಳು.

"ಪರೀಕ್ಷೆ ಅವ್ಳ್ಗೋ ನಿಂಗೋ?" ಎಂದಳು ಗುರುಸಿದ್ದಮ್ಮ.

"ನಂಗೇ ಅನ್ಕ."

ಮಧ್ಯಾಹ್ನದ ಬಸ್ಸಿಗೆ ಭವ್ಯಶ್ರೀ ಬಂದಳು. ಬದುವಿನ ಮೇಲೆ ಓಡುತ್ತ ಬಂದಳು. ಶಾಲೆಯ ಸೀರೆ, ಕೈಯಲ್ಲಿ ಚಪ್ಪಲಿ. ಹತ್ತಿರ ಬಂದಾಗ ಅವಳಿಗೆ ಮಾತಿಗಿಂತ ಮೊದಲು ಏದುಸಿರು ಬಂತು.

"ಕಾಯಂ ಮಾಡ್ಕೊಂಡ್ರು ಅತ್ತೆ!"

ಹೊಲ ಹೋ ಎಂದಿತು. ಕಾಂತರಾಜು ಕಟ್ಟುತ್ತಿದ್ದ ಕಂತೆಯನ್ನು ಕೈಬಿಟ್ಟ, ಅದು ವಾಡಿಕೆಯಂತೆ ಬಿಚ್ಚಿಕೊಂಡಿತು. ಭವ್ಯಶ್ರೀ ಒಂದೇ ಉಸಿರಿಗೆ ಹೇಳಿದಳು. ಉದಾಹರಣೆ ಕೊಡಿ ಎಂದು ಮಂಡಳಿಯವರೊಬ್ಬರು ಕೇಳಿದರಂತೆ. ಅವಳು ಇಂಗ್ಲಿಷಿನಲ್ಲೇ, ಇವತ್ತು ನನ್ನ ಬದಲು ನನ್ನ ಅತ್ತೆ ಹೊಲದಲ್ಲಿದ್ದಾರೆ, ನನ್ನ ಬದಲು ಮಾವ ಹಾಲು ಕರೆದಿದ್ದಾರೆ, ನನ್ನ ಗಂಡ ಪಾತ್ರೆ ತೊಳೆದಿದ್ದಾರೆ, ಅದಕ್ಕೇ ನಾನು ನಿಮ್ಮ ಮುಂದೆ ನಿಂತಿದ್ದೇನೆ ಎಂದಳಂತೆ. ಹಿಂದಿನ ಬೆಂಚಿನ ಆ ಹುಡುಗಿ ಎದ್ದು ನಿಂತು ಒಂದೊಂದಕ್ಕೂ ಸರಿಯಾದ ಮಾತು ಹೇಳಿದಳಂತೆ.

"ನೈಟಿ ವಿಚಾರ ಹೇಳ್ಲಿಲ್ಲ ತಾನೆ?" ಎಂದ ರಾಮಣ್ಣ, ನೀರಿನ ಬಿಂದಿಗೆ ಇಳಿಸುತ್ತ.

"ಅದನ್ನೇ ಮೊದ್ಲು ಹೇಳಿದ್ದು ಮಾವ."

"ಅಂಗಾರೆ ಇನ್ನು ಫಿಲ್ ಇನ್ ಅಲ್ಲ," ಎಂದಳು ಅನಸೂಯಮ್ಮ.

"ಅಲ್ಲ ಅತ್ತೆ. ಟೇಕ್ ಓವರ್."

ಅನಸೂಯಮ್ಮ ಮುಖ ಒರೆಸಿಕೊಂಡಳು. ಬೆವರಿನ ಜೊತೆ ಕಣ್ಣೀರೂ ಒರೆಸಿಹೋಯಿತು, ಖುಷಿಗೆ ಬಂದದ್ದು. ಭವ್ಯಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಚಾಚಿದಳು. "ಕೊಡಿ ಅತ್ತೆ ಕುಡ್ಲು. ನೀವು ನೆರಳಿಗೆ ಹೋಗಿ, ಉಳಿದಿದ್ದು ನಾನು ಕುಯ್ತೀನಿ."

ಮದುವೆಯಾಗಿ ಬಂದ ವರ್ಷವೂ ಇವೇ ಮಾತು. ಅವತ್ತು ಅನಸೂಯಮ್ಮ ಸೂರಿಗೆ ಸಿಕ್ಕಿಸಿಬಿಟ್ಟಿದ್ದಳು. ಇವತ್ತು ಕುಡುಗೋಲನ್ನು ಎದೆಗವಚಿಕೊಂಡಳು.

"ಇದು ನನ್ ಸಾಲು. ನಿಂಗ್ ಬೇಕಾರೆ ನಿನ್ ಗಂಡನ್ ಕೈಲಿರಾ ಕುಡ್ಲು ಈಸ್ಕಂಡು ಪಕ್ಕದ್ ಸಾಲ್ ಇಡ್ಕ."

ಕಾಂತರಾಜು ಕೇಳುವ ಮೊದಲೇ ಕೊಟ್ಟುಬಿಟ್ಟ.

ಅನಸೂಯಮ್ಮ ಬಗ್ಗಿ ತನ್ನ ಸಾಲನ್ನು ತುದಿ ಮುಟ್ಟಿಸಿದಳು. ಗುರುಸಿದ್ದಮ್ಮ ಅಷ್ಟು ಹೊತ್ತಿಗೆ ತನ್ನ ಸಾಲಿನ ತುದಿಗೆ ಇನ್ನೂ ಎರಡು ಮಾರು ದೂರದಲ್ಲಿದ್ದಳು. ಅನಸೂಯಮ್ಮ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಕೂಗಿದಳು. "ನನ್ನ ಅರ್ಧಾಳು ಅಂದೋರ್ ಯಾರೇ?"

ಗುರುಸಿದ್ದಮ್ಮ ಹಿಂತಿರುಗಿ ಆ ಸಾಲನ್ನು ನೋಡಿದಳು. ಕೂಳೆ ಒಂದೇ ಸಮ, ಒಂದು ತೆನೆ ಬಿಟ್ಟಿರಲಿಲ್ಲ. "ಒಂದಾಳೇ ಬುಡಕ್ಕ," ಎಂದಳು. "ನಿನ್ ಮಗ ಅರ್ಧ ಆಗಾಕೆ ಇನ್ನೊಂದ್ ಸುಗ್ಗಿ ಬೇಕು."

ಮೋಡ ತೂಗಾಡುತ್ತಿತ್ತು, ಇನ್ನೂ ಹನಿ ಬಿದ್ದಿರಲಿಲ್ಲ. ಅತ್ತೆ ಹೊಸ ಸಾಲಿಗೆ ಬಗ್ಗಿದಳು, ಸೊಸೆ ಅದರ ಪಕ್ಕದ್ದಕ್ಕೆ.

"ಅತ್ತೆ, ಅವತ್ತು ನೀವು ಕೇಳಿದ್ರಲ್ಲ, ನೀವು ಕುಡ್ಲು ಇಟ್ಟಿದ್ದು ಯಾವ್ದು ಅಂತ. ಅದಕ್ಕಿನ್ನೂ ಮಾತು ಸಿಕ್ಕಿಲ್ಲ."

"ಬುಡು, ಈಗ್ಯಾಕದು? ಬಿರ್ ಬಿರ್ನೆ ಕುಯ್ಯಿ."

ಕುಯ್ಯುತ್ತ ಕುಯ್ಯುತ್ತ ಅನಸೂಯಮ್ಮನಿಗೆ ಹೊಳೆಯಿತು. ಈ ಹೊಲದಲ್ಲಿ ಒಂದು ಕಾಲ ತನ್ನದಿತ್ತು, ಆಮೇಲೆ ಭವ್ಯಳದಾಯಿತು. ಇಬ್ಬರೂ ಅಕ್ಕಪಕ್ಕ ಸಾಲು ಹಿಡಿದದ್ದು ಇದೇ ಮೊದಲು.